ರಕ್ತದ ಕಿಣ್ವಗಳೂ ಕೈಬೆರಳ ಗೆಣ್ಣುಗಳೂ

ಕಳೆದ ಚಳಿಗಾಲದಲ್ಲಿ ನಡೆದ ಆರೋಗ್ಯ ತಪಾಸಣಾ ಶಿಬಿರವೊಂದರಲ್ಲಿ ನಲವತ್ತರ ಆಸುಪಾಸಿನ ತಾಯಿಯೊಬ್ಬರು ನಮ್ಮ ಮುಂದೆ ಬಂದು ಕುಳಿತರು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಎಂಟು ತಿಂಗಳ ರಕ್ತಪರೀಕ್ಷೆಯ ವರದಿಗಳು. ಆ ಹಾಳೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಡಲು ಅವರು ಪಡುತ್ತಿದ್ದ ಪಾಡನ್ನು ಕಂಡಾಗಲೇ ಅರ್ಧದಷ್ಟು ರೋಗನಿರ್ಣಯ ಆಗಿಹೋಗಿತ್ತು. ಎರಡೂ ಕೈಗಳ ಬೆರಳಬುಡದ ಗೆಣ್ಣುಗಳು ಊದಿದ್ದವು, ಮಣಿಕಟ್ಟುಗಳು ಮುಟ್ಟಿದರೆ ಬೆಚ್ಚಗಿದ್ದವು, ಬಲಗೈಯ ಬೆರಳುಗಳು ಕಿರುಬೆರಳಿನ ಕಡೆಗೆ ಓರೆಯಾಗತೊಡಗಿದ್ದವು. "ರಕ್ತದಾಗ ಏನೂ ಇಲ್ಲ ಅಂತಾರ್ರೀ, ಕೈಯಾಗ ಮಾತ್ರ ಎಲ್ಲಾ ಐತಿ" ಎಂದರು ಆ ತಾಯಿ.

ವರದಿಗಳನ್ನು ತಿರುವಿ ನೋಡಿದೆವು. ಆರ್.ಎ. ಫ್ಯಾಕ್ಟರ್ ಎಂಬ ಪರೀಕ್ಷೆ ಎರಡು ಬಾರಿ ಆಗಿತ್ತು, ಎರಡೂ ಬಾರಿ ನೆಗೆಟಿವ್. ಇ.ಎಸ್.ಆರ್. ತುಸು ಹೆಚ್ಚಿತ್ತು. ಆಮೇಲೆ ಯಾರೋ ಎ.ಡಿ.ಎ. ಎಂಬ ಕಿಣ್ವದ ಪರೀಕ್ಷೆ ಬರೆದಿದ್ದರು, ಅದು ಹೆಚ್ಚಾಗಿ ಬಂದಿತ್ತು. ಕೀಲಿಗೆ ಕ್ಷಯ ತಗುಲಿರಬಹುದೆಂಬ ಶಂಕೆಯಲ್ಲಿ ಎರಡು ತಿಂಗಳು ಬೇರೆ ಬೇರೆ ಪರೀಕ್ಷೆಗಳಿಗೆ ಹೋಗಿತ್ತು. ಕ್ಷಯವಲ್ಲವೆಂದು ಖಚಿತವಾದ ಮೇಲೆ ಮತ್ತೆ ಆರ್.ಎ. ಫ್ಯಾಕ್ಟರ್, ಮತ್ತೆ ನೋವಿನ ಮಾತ್ರೆ. ಈ ಎಂಟು ತಿಂಗಳಲ್ಲಿ ಅವರ ಹತ್ತು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದ ದಾಖಲೆ ಆ ಚೀಲದಲ್ಲಿ ಎಲ್ಲಿಯೂ ಇರಲಿಲ್ಲ. ಯಾರನ್ನೋ ದೂರಲು ಇದನ್ನು ಬರೆಯುತ್ತಿಲ್ಲ. ವೈದ್ಯರಿಗೆ ಸಮಯವಿಲ್ಲದ, ರೋಗಿಗೆ ವರದಿಯ ಮೇಲೆಯೇ ನಂಬಿಕೆಯಿರುವ ಕಾಲದಲ್ಲಿ ಇದು ಎಲ್ಲಿಯಾದರೂ ನಡೆಯಬಹುದಾದ ಮಾತು.

ರುಮಟಾಯ್ಡ್ ಸಂಧಿವಾತವೆಂಬ ಈ ರೋಗದಲ್ಲಿ ರಕ್ತದ ಕಿಣ್ವಗಳು ಹೇಳುವುದೆಷ್ಟು, ಹೇಳಲಾರದ್ದೆಷ್ಟು ಎಂಬುದನ್ನು ಸದ್ಭಕ್ತರ ಮುಂದೆ ಬಿಡಿಸಿಡಬೇಕೆಂದು ಅಂದೇ ನಿಶ್ಚಯಿಸಿದೆವು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ರೋಗವಿದೆಯೋ ಇಲ್ಲವೋ ಎಂದು ತಿಳಿಯಲು ನಾವು ಬೇಡದ ಕಿಣ್ವಗಳ ಬೆನ್ನು ಹತ್ತಿದ್ದೇವೆ. ಔಷಧ ಆರಂಭವಾದ ಮೇಲೆ ತಪ್ಪದೆ ನೋಡಬೇಕಾದ ಕಿಣ್ವವನ್ನು ಮರೆತುಬಿಡುತ್ತೇವೆ.

ಕಿಣ್ವವೆಂದರೆ ದೇಹದ ರಾಸಾಯನಿಕ ಕೆಲಸಗಳನ್ನು ಚುರುಕುಗೊಳಿಸುವ ಪ್ರೋಟೀನು. ಹಾಲು ಮೊಸರಾಗುವಲ್ಲಿ, ಹಿಟ್ಟು ಹುಳಿಯುವಲ್ಲಿ ಕೆಲಸ ಮಾಡುವುದೂ ಸೂಕ್ಷ್ಮಜೀವಿಗಳ ಕಿಣ್ವಗಳೇ. ಎ.ಡಿ.ಎ. ಎಂದು ಮೇಲೆ ಹೇಳಿದ್ದರ ಪೂರ್ಣ ಹೆಸರು ಅಡಿನೋಸಿನ್ ಡಿಅಮಿನೇಸ್. ಅಡಿನೋಸಿನ್ ಎಂಬ ವಸ್ತುವನ್ನು ಇನೋಸಿನ್ ಎಂಬ ಮತ್ತೊಂದು ವಸ್ತುವಾಗಿ ಮಾರ್ಪಡಿಸುವುದು ಇದರ ಕೆಲಸ. ಕೇಳಲು ಸಣ್ಣ ಕೆಲಸ. ಆದರೆ ನಮ್ಮ ರೋಗನಿರೋಧಕ ವ್ಯವಸ್ಥೆಯ ಜೀವವೇ ಇದರ ಮೇಲೆ ನಿಂತಿದೆ ಎಂಬುದು 1972ರಲ್ಲಿ ತಿಳಿದುಬಂತು. ಅಮೆರಿಕದ ಸಿಯಾಟಲ್‌ನ ವಿಜ್ಞಾನಿ ಎಲೋಯಿಸ್ ಗಿಬ್ಲೆಟ್ ಅವರು, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕುಂದಿದ್ದ ಇಬ್ಬರು ರೋಗಿಗಳ ರಕ್ತದಲ್ಲಿ ಈ ಕಿಣ್ವವೇ ಇಲ್ಲವೆಂಬುದನ್ನು ಕಂಡರು. ಕಿಣ್ವವಿಲ್ಲದೆ ಹೋದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಬೆಳೆಯಲಾರವು, ಮಗು ಸಣ್ಣಪುಟ್ಟ ಸೋಂಕಿಗೂ ಬಲಿಯಾಗುತ್ತದೆ. 1990ರಲ್ಲಿ ಜಗತ್ತಿನ ಮೊದಲ ಅಧಿಕೃತ ಜೀನ್ ಚಿಕಿತ್ಸೆಯನ್ನು ಅಮೆರಿಕದಲ್ಲಿ ಒಂದು ಪುಟ್ಟ ಹುಡುಗಿಗೆ ಮಾಡಿದ್ದು ಇದೇ ಕೊರತೆಗಾಗಿ.

ಹೀಗೆ ಇಲ್ಲದಿದ್ದರೆ ನಿರೋಧಶಕ್ತಿಯೇ ಇಲ್ಲ ಎನ್ನುವಂಥ ಕಿಣ್ವವು, ನಿರೋಧಶಕ್ತಿ ದಾರಿ ತಪ್ಪಿ ತನ್ನ ದೇಹದ ಮೇಲೆಯೇ ತಿರುಗಿಬಿದ್ದಾಗ ಹೆಚ್ಚುವುದು ಸಹಜವೇ. ರುಮಟಾಯ್ಡ್ ಸಂಧಿವಾತದಲ್ಲಿ ಆಗುವುದು ಅದೇ. ಕೀಲನ್ನು ಒಳಗಿನಿಂದ ಹೊದ್ದಿರುವ ತೆಳು ಪೊರೆಯ ಮೇಲೆ ಬಿಳಿ ರಕ್ತಕಣಗಳು ದಾಳಿ ಮಾಡುತ್ತವೆ. ಪೊರೆ ದಪ್ಪಗಾಗಿ ಊದುತ್ತದೆ, ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ಈ ರೋಗಿಗಳ ರಕ್ತದಲ್ಲಿಯೂ ಕೀಲಿನ ನೀರಿನಲ್ಲಿಯೂ ಎ.ಡಿ.ಎ. ಸರಾಸರಿಯಾಗಿ ಆರೋಗ್ಯವಂತರಿಗಿಂತ ಹೆಚ್ಚಿರುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ. ಅಡಿನೋಸಿನ್ ಎಂಬುದು ಕೆರಳಿದ ರಕ್ತಕಣಗಳನ್ನು ಸಮಾಧಾನಪಡಿಸುವ ವಸ್ತು. ಅದನ್ನು ಕರಗಿಸುವ ಕಿಣ್ವ ಹೆಚ್ಚಾದರೆ ಸಮಾಧಾನಪಡಿಸುವವರು ಕಡಿಮೆಯಾದಂತೆ. ತರ್ಕ ಸೊಗಸಾಗಿದೆ. ಆದ್ದರಿಂದಲೇ ಎ.ಡಿ.ಎ.ಯನ್ನು ಸಂಧಿವಾತದ ಗುರುತಾಗಿ ಬಳಸಬಾರದೇಕೆ ಎಂದು ಕೇಳುವ ಪ್ರಬಂಧಗಳು ಬರುತ್ತಲೇ ಇವೆ.

ತೊಡಕಿರುವುದು ಸರಾಸರಿ ಎಂಬ ಮಾತಿನಲ್ಲಿ. ತಾಲೂಕಿನ ಸರಾಸರಿ ಮಳೆ ಹೆಚ್ಚಾಗಿದೆ ಎಂದು ಪತ್ರಿಕೆಯಲ್ಲಿ ಓದಿ ನಮ್ಮ ಹೊಲ ತೊಯ್ದಿದೆಯೆಂದು ಬಿತ್ತನೆಗೆ ಹೊರಡುವ ರೈತನಿಲ್ಲ. ಹೊಲಕ್ಕೆ ಹೋಗಿ ಮಣ್ಣನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ನೂರು ಸಂಧಿವಾತದ ರೋಗಿಗಳನ್ನೂ ನೂರು ಆರೋಗ್ಯವಂತರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಗುಂಪಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣುತ್ತದೆ ನಿಜ. ಆದರೆ ಎರಡು ಗುಂಪಿನ ಅಂಕಿಗಳೂ ಒಂದರೊಳಗೊಂದು ಹೊಕ್ಕಿರುತ್ತವೆ. ಎದುರಿಗೆ ಕುಳಿತ ಒಬ್ಬ ತಾಯಿಯ ಅಂಕಿಯಿಂದ ಆಕೆ ಯಾವ ಗುಂಪಿಗೆ ಸೇರಿದವಳೆಂದು ಹೇಳಲಾಗದು.

ಇನ್ನೊಂದು ತೊಡಕು ನಮ್ಮ ನಾಡಿನದು. ಎ.ಡಿ.ಎ. ಹೆಚ್ಚಿಸುವ ರೋಗ ಸಂಧಿವಾತವೊಂದೇ ಅಲ್ಲ. ಕ್ಷಯ, ವಿಷಮಶೀತ ಜ್ವರ, ಯಕೃತ್ತಿನ ಬೇನೆ, ಕೆಲವು ಬಗೆಯ ರಕ್ತದ ಕ್ಯಾನ್ಸರ್, ಇವೆಲ್ಲವುಗಳಲ್ಲಿಯೂ ಅದು ಏರುತ್ತದೆ. ಶ್ವಾಸಕೋಶದ ಸುತ್ತ ನೀರು ತುಂಬಿದಾಗ ಆ ನೀರಿನಲ್ಲಿ ಎ.ಡಿ.ಎ. ಲೀಟರಿಗೆ 40 ಯೂನಿಟ್ ದಾಟಿದರೆ ಕ್ಷಯವಿರಬಹುದೆಂದು ಬಲವಾಗಿ ಸಂಶಯಿಸುವ ರೂಢಿ ನಮ್ಮ ಆಸ್ಪತ್ರೆಗಳಲ್ಲಿದೆ, ಅಲ್ಲಿ ಅದು ಉಪಯುಕ್ತವೂ ಹೌದು. ಆದರೆ ಸಂಧಿವಾತದಿಂದಲೇ ಶ್ವಾಸಕೋಶದ ಸುತ್ತ ನೀರು ತುಂಬುವುದುಂಟು, ಆ ನೀರಿನಲ್ಲಿಯೂ ಈ ಕಿಣ್ವ ಹೆಚ್ಚೇ ಇರುತ್ತದೆ. ಕ್ಷಯ ವಿರಳವಾಗಿರುವ ದೇಶದ ವೈದ್ಯರಿಗೆ ಇದು ದೊಡ್ಡ ಸಮಸ್ಯೆಯಲ್ಲದಿರಬಹುದು. ಮನೆಮನೆಯಲ್ಲಿ ಕ್ಷಯವನ್ನು ಕಂಡ ನಮ್ಮಲ್ಲಿ ಒಂದೇ ಅಂಕಿ ಎರಡು ರೋಗಗಳ ಕಡೆಗೆ ಬೆರಳು ತೋರಿಸುತ್ತದೆ. ಕ್ಷಯವಿದ್ದವರಿಗೆ ಸಂಧಿವಾತದ ಔಷಧ ಕೊಟ್ಟರೆ ನಿರೋಧಶಕ್ತಿ ಕುಗ್ಗಿ ಕ್ಷಯ ಉಲ್ಬಣಿಸುತ್ತದೆ. ಸಂಧಿವಾತವಿದ್ದವರಿಗೆ ಕ್ಷಯದ ಔಷಧ ಕೊಟ್ಟರೆ ಕೀಲು ಹಾಳಾಗುತ್ತಲೇ ಹೋಗುತ್ತದೆ. ಆ ತಾಯಿಯ ಎರಡು ತಿಂಗಳು ಕಳೆದುಹೋದದ್ದು ಈ ಕವಲುದಾರಿಯಲ್ಲಿ.

ಹಾಗೆಂದು ಕಿಣ್ವಗಳಿಗೂ ಈ ರೋಗಕ್ಕೂ ಸಂಬಂಧವೇ ಇಲ್ಲವೆಂದು ನಾವು ಹೇಳಿದರೆ ಅಪಚಾರವಾದೀತು. ರೋಗದ ಮೂಲದಲ್ಲಿಯೇ ಒಂದು ಕಿಣ್ವ ಕುಳಿತಿದೆ. ಪೆಪ್ಟಿಡೈಲ್ ಅರ್ಜಿನೈನ್ ಡಿಇಮಿನೇಸ್ ಎಂಬ ಉದ್ದನೆಯ ಹೆಸರು, ಚಿಕ್ಕದಾಗಿ ಪ್ಯಾಡ್ ಎನ್ನುತ್ತಾರೆ. ಇದು ದೇಹದ ಪ್ರೋಟೀನುಗಳಲ್ಲಿರುವ ಅರ್ಜಿನೈನ್ ಎಂಬ ಅಂಶವನ್ನು ಸಿಟ್ರುಲಿನ್ ಆಗಿ ಬದಲಿಸುತ್ತದೆ. ಮನೆಯವರೇ ವೇಷ ಬದಲಿಸಿ ಬಂದರೆ ಕಾವಲುನಾಯಿ ಬೊಗಳುವಂತೆ, ಹೀಗೆ ರೂಪ ಬದಲಿಸಿದ ತನ್ನದೇ ಪ್ರೋಟೀನುಗಳನ್ನು ಕೆಲವರ ನಿರೋಧ ವ್ಯವಸ್ಥೆ ಪರಕೀಯವೆಂದು ಭಾವಿಸಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಪ್ರತಿಕಾಯಗಳನ್ನು ಅಳೆಯುವುದೇ ಆಂಟಿ ಸಿ.ಸಿ.ಪಿ. ಪರೀಕ್ಷೆ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು 1990ರ ದಶಕದ ಕೊನೆಯಲ್ಲಿ ರೂಪಿಸಿದ ಈ ಪರೀಕ್ಷೆ ಇಂದು ಜಿಲ್ಲಾ ಕೇಂದ್ರಗಳಲ್ಲಿಯೂ ಸಿಗುತ್ತದೆ. ರೋಗಲಕ್ಷಣ ಕಾಣಿಸಿಕೊಳ್ಳುವ ಹಲವು ವರ್ಷ ಮೊದಲೇ ಇದು ಪಾಸಿಟಿವ್ ಆಗಿರುವುದುಂಟು. ಬೀಡಿ ಸಿಗರೇಟಿನ ಹೊಗೆ ಶ್ವಾಸಕೋಶದಲ್ಲಿ ಈ ಸಿಟ್ರುಲಿನ್ ಮಾರ್ಪಾಡನ್ನು ಹೆಚ್ಚಿಸುತ್ತದೆ. ಹಲ್ಲಿನ ವಸಡು ಕೊಳೆಸುವ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಸೂಕ್ಷ್ಮಜೀವಿಗೆ ತನ್ನದೇ ಆದ ಪ್ಯಾಡ್ ಕಿಣ್ವವಿದೆ. ಮನೆಯಲ್ಲಿ ಒಬ್ಬರಿಗೆ ಈ ರೋಗವಿದ್ದರೆ ಉಳಿದವರು ಧೂಮಪಾನವನ್ನು ಬಿಡಬೇಕು, ವಸಡಿನಿಂದ ರಕ್ತ ಬರುತ್ತಿದ್ದರೆ ದಂತವೈದ್ಯರಲ್ಲಿಗೆ ಹೋಗಬೇಕು ಎಂದು ನಾವು ಹೇಳುವುದು ಇದೇ ಕಾರಣಕ್ಕೆ.

ಜಪಾನಿನ ಮಾತನ್ನೂ ಇಲ್ಲಿ ಹೇಳಬೇಕು. ಮೃದ್ವಸ್ಥಿಯನ್ನು ಕರಗಿಸುವ ಎಂ.ಎಂ.ಪಿ.-3 ಎಂಬ ಕಿಣ್ವವನ್ನು ಅಲ್ಲಿಯ ವೈದ್ಯರು ರಕ್ತದಲ್ಲಿ ವಾಡಿಕೆಯಾಗಿ ಅಳೆಯುತ್ತಾರೆ. ಊದಿದ ಪೊರೆಯಿಂದಲೇ ಇದು ಹೊರಬರುವುದರಿಂದ ಕೀಲಿನ ಸುದ್ದಿಯನ್ನು ತುಸು ಹತ್ತಿರದಿಂದ ತರುತ್ತದೆ. ಆದರೆ ಅಲ್ಲಿಯೂ ಅದು ಈಗಾಗಲೇ ಗುರುತಿಸಿದ ರೋಗದ ಏರಿಳಿತವನ್ನು ನೋಡುವ ಸಾಧನ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ, ಮೂತ್ರಪಿಂಡದ ತೊಂದರೆಯಿರುವವರಲ್ಲಿ ಅದು ತಾನಾಗಿಯೇ ಏರಿರುತ್ತದೆ, ಗಂಡಸರಲ್ಲಿ ಹೆಂಗಸರಿಗಿಂತ ಸಹಜವಾಗಿಯೇ ಹೆಚ್ಚು.

ಹಾಗಾದರೆ ರೋಗವನ್ನು ನಿರ್ಧರಿಸುವುದು ಯಾವುದು? ಅಮೆರಿಕ ಮತ್ತು ಯುರೋಪಿನ ಕೀಲುರೋಗ ತಜ್ಞರ ಸಂಘಗಳು ಕೂಡಿ 2010ರಲ್ಲಿ ಒಂದು ಅಂಕಪಟ್ಟಿ ಮಾಡಿದವು. ಅಧ್ಯಯನಗಳಿಗಾಗಿ ಮಾಡಿದ್ದಾದರೂ ವೈದ್ಯರ ಕೊಠಡಿಯಲ್ಲಿಯೂ ಅದು ದಾರಿ ತೋರಿಸುತ್ತದೆ. ಒಟ್ಟು 10 ಅಂಕ, 6 ಬಂದರೆ ರುಮಟಾಯ್ಡ್ ಸಂಧಿವಾತ. ಯಾವ ಯಾವ ಕೀಲುಗಳು ಎಷ್ಟು ಊದಿವೆ ಎಂಬುದಕ್ಕೆ 5 ಅಂಕದವರೆಗೆ. ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ. ಎರಡಕ್ಕೂ ಸೇರಿ ಹೆಚ್ಚೆಂದರೆ 3. ಇ.ಎಸ್.ಆರ್. ಇಲ್ಲವೆ ಸಿ.ಆರ್.ಪಿ. ಏರಿದ್ದರೆ 1. ಆರು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ತೊಂದರೆಯಿದ್ದರೆ 1. ಎ.ಡಿ.ಎ.ಗೆ ಒಂದು ಅಂಕವೂ ಇಲ್ಲ, ಬೇರೆ ಯಾವ ಕಿಣ್ವಕ್ಕೂ ಇಲ್ಲ. ಸದ್ಭಕ್ತರು ಗಮನಿಸಬೇಕಾದದ್ದು ಇನ್ನೊಂದಿದೆ. ಬೆರಳುಗಳನ್ನೂ ಒಳಗೊಂಡು ಹತ್ತಕ್ಕಿಂತ ಹೆಚ್ಚು ಕೀಲುಗಳು ಬಾಧಿತವಾಗಿದ್ದು, ಎಂಟು ತಿಂಗಳಿಂದ ತೊಂದರೆಯಿದ್ದು, ಇ.ಎಸ್.ಆರ್. ಏರಿದ್ದ ಆ ತಾಯಿಗೆ, ಎರಡೂ ಬಾರಿಯ ನೆಗೆಟಿವ್ ವರದಿಯನ್ನು ಹಾಗೆಯೇ ಒಪ್ಪಿಕೊಂಡರೂ, 7 ಅಂಕ ಬರುತ್ತದೆ. ಉತ್ತರ ಮೊದಲಿನಿಂದಲೂ ಅವರ ಕೈಯಲ್ಲಿಯೇ ಇತ್ತು.

ಈ ರೋಗಿಗಳಲ್ಲಿ ಐವರಲ್ಲಿ ಒಬ್ಬರಿಗಾದರೂ ಆರ್.ಎ. ಫ್ಯಾಕ್ಟರ್ ನೆಗೆಟಿವ್ ಇರುತ್ತದೆ. ಮತ್ತೊಂದು ಕಡೆ, ಯಾವ ಸಂಧಿವಾತವೂ ಇಲ್ಲದ ಕೆಲವು ವೃದ್ಧರಲ್ಲಿ, ಕ್ಷಯದಲ್ಲಿ, ಕಾಮಾಲೆಯ ವೈರಾಣುವಿನ ಸೋಂಕಿನಲ್ಲಿ ಅದು ಪಾಸಿಟಿವ್ ಬರುತ್ತದೆ. 2006ರಲ್ಲಿ ಚಿಕೂನ್‌ಗುನ್ಯ ನಮ್ಮ ಹಳ್ಳಿಗಳನ್ನು ಹಾಸಿಗೆ ಹಿಡಿಸಿದ್ದು ಹಿರಿಯರಿಗೆ ನೆನಪಿರಬಹುದು. ಜ್ವರ ಹೋದ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡಿದ್ದವರಲ್ಲಿ ಕೆಲವರ ರೂಪ ಥೇಟ್ ಸಂಧಿವಾತದ್ದೇ ಆಗಿತ್ತು. ಆದ್ದರಿಂದ ಒಂದು ವರದಿಯ ಮೇಲೆ ಭಯಪಡುವುದೂ ಬೇಡ, ಒಂದು ವರದಿಯ ಮೇಲೆ ನಿಶ್ಚಿಂತೆಯೂ ಬೇಡ.

ಮನೆಯಲ್ಲಿಯೇ ನೋಡಿಕೊಳ್ಳಬಹುದಾದದ್ದು ಬಹಳವಿದೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚಲು ಬಾರದಂತೆ ಬಿಗಿದು, ಸಡಿಲವಾಗಲು ಅರ್ಧ ಗಂಟೆ ಒಂದು ಗಂಟೆ ಹಿಡಿಯುತ್ತದೆಯೇ? ಎಡಗೈಯ ಅಂಗೈಯನ್ನು ಬಟ್ಟಲಾಗಿಸಿ ಇಷ್ಟಲಿಂಗವನ್ನು ಹಿಡಿಯುವಾಗ ಬೆರಳು ಕೂಡುವುದಿಲ್ಲವೆಂದು ಕೆಲವು ಹಿರಿಯರು ನಮ್ಮ ಬಳಿ ಸಂಕೋಚದಿಂದ ಹೇಳಿದ್ದಾರೆ. ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬಾರದು. ಜೋಳದ ರೊಟ್ಟಿ ಬಡಿಯುವಾಗ ಅಂಗೈಯಲ್ಲ, ಬೆರಳಬುಡ ನೋಯುತ್ತದೆಯೇ? ಹಸ್ತವನ್ನು ಅಡ್ಡಕ್ಕೆ ಹಿಡಿದು ಮೆಲ್ಲಗೆ ಹಿಸುಕಿದರೆ ಜೀವ ಹೋದಂತಾಗುತ್ತದೆಯೇ? ಎರಡೂ ಕೈಗಳಲ್ಲಿ ಒಂದೇ ಬಗೆಯಾಗಿದೆಯೇ? ವಯಸ್ಸಿನಿಂದ ಬರುವ ಕೀಲುಸವೆತ ಸಾಮಾನ್ಯವಾಗಿ ಮೊಣಕಾಲಿಗೆ ಬರುತ್ತದೆ, ಬೆರಳಿಗೆ ಬಂದರೆ ಉಗುರಿನ ಹತ್ತಿರದ ಗೆಣ್ಣಿಗೆ. ಸಂಧಿವಾತ ಆ ಕೊನೆಯ ಗೆಣ್ಣನ್ನು ಬಿಟ್ಟು ಬುಡವನ್ನೂ ನಡುವನ್ನೂ ಹಿಡಿಯುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಇದು ಎರಡು ಮೂರು ಪಟ್ಟು ಹೆಚ್ಚು, ಅದೂ ಮನೆಯ ಕಾಯಕವೆಲ್ಲ ಹೆಗಲ ಮೇಲಿರುವ ನಡುವಯಸ್ಸಿನಲ್ಲಿ. ಇಂಥ ಲಕ್ಷಣ ಆರು ವಾರ ಉಳಿದರೆ ಕೀಲುರೋಗ ತಜ್ಞರನ್ನು ಕಾಣಬೇಕು. ಮೂರು ತಿಂಗಳೊಳಗೆ ಸರಿಯಾದ ಔಷಧ ಆರಂಭವಾದರೆ ಬೆರಳು ವಕ್ರವಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ವಕ್ರವಾದ ಮೇಲೆ ಯಾವ ಔಷಧವೂ ಅದನ್ನು ನೇರ ಮಾಡಲಾರದು.

ಆ ಔಷಧ ಬಹುಪಾಲು ರೋಗಿಗಳಲ್ಲಿ ಮೆಥೊಟ್ರೆಕ್ಸೇಟ್. ಅದರ ಹುಟ್ಟಿನ ಹಿಂದೆ ನಮ್ಮ ನೆರೆನಾಡಿನವರೊಬ್ಬರಿದ್ದಾರೆ. ಭೀಮಾವರಂನಲ್ಲಿ 1895ರಲ್ಲಿ ಜನಿಸಿ ಮದರಾಸಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ಸಂಶೋಧನೆಯ ಫಲವದು. ರಕ್ತದ ಕ್ಯಾನ್ಸರಿಗೆಂದು ಹುಟ್ಟಿದ ಔಷಧ ಬಹಳ ಸಣ್ಣ ಪ್ರಮಾಣದಲ್ಲಿ ಸಂಧಿವಾತಕ್ಕೂ ಒದಗಿತು, 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅದು ಕೆಲಸ ಮಾಡುವ ಬಗೆಗಳಲ್ಲಿ ಒಂದು, ಊದಿದ ಕೀಲಿನ ಬಳಿ ಅಡಿನೋಸಿನ್ ಅನ್ನು ಹೆಚ್ಚಿಸುವುದು ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಎ.ಡಿ.ಎ. ಕರಗಿಸುತ್ತಿದ್ದ ಅದೇ ಅಡಿನೋಸಿನ್! ಪ್ರಯೋಗಾಲಯದ ಕಿಣ್ವದ ಜ್ಞಾನ ವ್ಯರ್ಥವಲ್ಲ ಎನ್ನಲು ಇದೊಂದೇ ಸಾಕು. ಅದರ ಜಾಗ ಯಾವುದೆಂಬುದಷ್ಟೇ ನಮ್ಮ ತಕರಾರು.

ಇನ್ನು ಮರೆತುಹೋಗುವ ಕಿಣ್ವದ ಮಾತು. ಎಸ್.ಜಿ.ಪಿ.ಟಿ., ಎಸ್.ಜಿ.ಒ.ಟಿ. ಎಂಬ ಎರಡು ಕಿಣ್ವಗಳು ಯಕೃತ್ತಿನ ಕೋಶಗಳ ಒಳಗಿರುವಂಥವು. ಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರಿಬರುತ್ತವೆ. ಮೆಥೊಟ್ರೆಕ್ಸೇಟ್ ಕೆಲವರಲ್ಲಿ ಯಕೃತ್ತಿಗೆ ತೊಂದರೆ ಕೊಡುವುದರಿಂದ ಆರಂಭಕ್ಕೆ ಮೊದಲೊಮ್ಮೆ, ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆ ಆಗಲೇಬೇಕು, ಜೊತೆಗೆ ರಕ್ತಕಣಗಳ ಎಣಿಕೆಯೂ ಮೂತ್ರಪಿಂಡದ ಕ್ರಿಯಾಟಿನಿನ್ ಕೂಡ. ಅಂಕಿ ತುಸು ಏರಿದರೆ ಗಾಬರಿಯಾಗಬೇಕಿಲ್ಲ. ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದರೆ ವೈದ್ಯರು ಔಷಧ ನಿಲ್ಲಿಸುತ್ತಾರೆ ಅಥವಾ ಕಡಿಮೆ ಮಾಡುತ್ತಾರೆ. ಗುಳಿಗೆ ನುಂಗಿದ ಮರುದಿನವೇ ರಕ್ತ ಕೊಟ್ಟರೆ ಅಂಕಿ ತಾತ್ಕಾಲಿಕವಾಗಿ ಏರಿ ದಾರಿ ತಪ್ಪಿಸುತ್ತದೆ, ಮುಂದಿನ ಗುಳಿಗೆಗೆ ಒಂದೆರಡು ದಿನ ಮೊದಲು ಕೊಡುವುದು ಲೇಸು. ರೋಗ ಹುಡುಕುವಾಗ ಹತ್ತಾರು ಪರೀಕ್ಷೆಗೆ ಹಣ ಸುರಿದವರು, ನೋವು ಇಳಿದೊಡನೆ ಈ ಸಾಮಾನ್ಯ ಪರೀಕ್ಷೆಯನ್ನು ವರ್ಷಗಟ್ಟಲೆ ಮಾಡಿಸದೆ ಅದೇ ಚೀಟಿಯಲ್ಲಿ ಔಷಧ ಕೊಳ್ಳುತ್ತ ಹೋಗುವುದನ್ನು ನಾವು ಎಷ್ಟೋ ಕಂಡಿದ್ದೇವೆ. ಮದ್ಯ ಸೇವಿಸುವವರಿಗೆ, ಹೆಸರಿಲ್ಲದ ಪೊಟ್ಟಣದ ಪುಡಿಗಳನ್ನು ಜೊತೆಗೆ ತಿನ್ನುವವರಿಗೆ ಅಪಾಯ ಇನ್ನೂ ಹೆಚ್ಚು. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾಗಿದೆ. ಮೂರೇ ದಿನಕ್ಕೆ ನೋವು ಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಬೇಕು.

ಅತಿ ಮುಖ್ಯವಾದದ್ದನ್ನು ದಪ್ಪಕ್ಷರದಲ್ಲಿ ಮುದ್ರಿಸಬೇಕೆಂದು ಸಂಪಾದಕರನ್ನು ಕೇಳಿಕೊಂಡಿದ್ದೆವು, ಪುಟದ ವಿನ್ಯಾಸಕ್ಕೆ ಒಗ್ಗಲಿಲ್ಲವಂತೆ. ಇರಲಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ. ದಿನವೂ ಅಲ್ಲ. ತಪ್ಪಿ ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ಎಲುಬಿನ ಮಜ್ಜೆ ಬತ್ತಿ, ಪ್ರಾಣವೇ ಹೋಗಬಹುದು. ನಮ್ಮ ಭಕ್ತರು ಸೋಮವಾರವನ್ನು ಮರೆಯುವವರಲ್ಲ. ಗುಳಿಗೆಗೂ ಅದೇ ವಾರವನ್ನು ಗೊತ್ತುಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕುವಂತೆ ನಾವು ಹೇಳುತ್ತೇವೆ. ಉಪವಾಸವಿದ್ದವರು ರಾತ್ರಿ ಪ್ರಸಾದವಾದ ಮೇಲೆ ತೆಗೆದುಕೊಳ್ಳಲಿ. ಜೊತೆಗೆ ಬರೆದುಕೊಡುವ ಫೋಲಿಕ್ ಆಮ್ಲದ ಮಾತ್ರೆ ಬೇರೆ ವಾರಕ್ಕೆ. ಎರಡೂ ಹಳದಿ ಬಣ್ಣದಲ್ಲಿ ಬರುವುದುಂಟು, ಒಂದೇ ಡಬ್ಬಿಯಲ್ಲಿ ಹಾಕಿಡಬಾರದು. ಮಗುವನ್ನು ಬಯಸುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲೇ ವೈದ್ಯರಿಗೆ ತಿಳಿಸಿ ಈ ಔಷಧವನ್ನು ಬದಲಿಸಿಕೊಳ್ಳಲೇಬೇಕು.

ಆ ತಾಯಿ ಈಚಿನ ಶಿಬಿರಕ್ಕೆ ಮತ್ತೆ ಬಂದಿದ್ದರು. ಬಲಗೈಯ ಬೆರಳುಗಳ ಓರೆ ಹಾಗೆಯೇ ಇದೆ, ಅದು ಹೋಗುವಂಥದ್ದಲ್ಲ. ಊತ ಇಳಿದಿದೆ. ಸಣ್ಣ ರೊಟ್ಟಿಗಳನ್ನು ತಾವೇ ಬಡಿಯುತ್ತಾರಂತೆ, ದೊಡ್ಡವು ಸೊಸೆಯ ಪಾಲು. ಪ್ಲಾಸ್ಟಿಕ್ ಚೀಲದ ಬದಲು ಈ ಸಲ ಮಡಚಿದ ಒಂದೇ ಹಾಳೆ ತಂದಿದ್ದರು, ಅದರಲ್ಲಿ ಎಸ್.ಜಿ.ಪಿ.ಟಿ. 31 ಎಂದಿತ್ತು. ನಾವು ಹಾಳೆಯನ್ನು ಪಕ್ಕಕ್ಕಿಟ್ಟು ಅವರ ಕೈಗಳನ್ನು ಕೇಳಿ ಪಡೆದು, ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದೆವು.